ಬಾಗಿಲು ತೆರೆದರೆ ಗೋಡೆ

ಒಂದು ಹಳೆಯ ಮನೆ. ಮಹಡಿ ಹತ್ತಲೆಂದು ನೀವು ಮೆಟ್ಟಿಲ ಮೇಲೆ ಕಾಲಿಡುತ್ತೀರಿ. ಮೆಟ್ಟಿಲುಗಳು ಮೇಲೇರಿ ನೇರವಾಗಿ ಛಾವಣಿಗೆ ತಾಗಿ ನಿಂತು ಬಿಡುತ್ತವೆ. ಆಚೆ ದಾರಿಯಿಲ್ಲ. ಕೆಳಗಿಳಿದು ಪಕ್ಕದ ಬಾಗಿಲು ತೆರೆಯುತ್ತೀರಿ. ಬಾಗಿಲಿನ ಹಿಂದೆ ಕೋಣೆಯಿಲ್ಲ, ಬರೀ ಗೋಡೆ. ಮೇಲಂತಸ್ತಿನ ಇನ್ನೊಂದು ಬಾಗಿಲು ತೆರೆದರೆ ಹೊರಗೆ ಬಾಲ್ಕನಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಕೆಳಗಿನ ತೋಟಕ್ಕೆ ಬೀಳಬೇಕು. ತಲೆ ತಗ್ಗಿಸಿ ನೋಡಿದರೆ ನೆಲದಲ್ಲಿ ಒಂದು ಕಿಟಕಿ! ಯಾರು ಇಂತಹ ಮನೆ ಕಟ್ಟಿಸುತ್ತಾರೆ? ಯಾಕೆ ಕಟ್ಟಿಸುತ್ತಾರೆ?

ಇದು ಅಜ್ಜಿ ಕಥೆಯ ಮಾಯಾ ಮನೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ನಗರದಲ್ಲಿ ಈ ಮನೆ ಇಂದಿಗೂ ಇದೆ. ಸಿಲಿಕಾನ್ ವ್ಯಾಲಿ ಎಂದು ನಾವು ಕರೆಯುವ ಪ್ರದೇಶದ ನಟ್ಟ ನಡುವೆ, ಝಗಮಗಿಸುವ ಅಂಗಡಿ ಸಾಲುಗಳ ಎದುರಿಗೆ. ನಮ್ಮ ಕರ್ನಾಟಕದ ಎಷ್ಟೋ ಇಂಜಿನಿಯರುಗಳು ಆ ಊರಿನಲ್ಲಿ ಮತ್ತು ಅದರ ಸುತ್ತಮುತ್ತ ನೆಲೆಸಿದ್ದಾರೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಅಲ್ಲಿಗೆ ಹೋಗುವ ತಂದೆ ತಾಯಂದಿರಿಗೆ ವಾರಾಂತ್ಯದಲ್ಲಿ ತೋರಿಸುವ ಜಾಗಗಳಲ್ಲಿ ಇದೂ ಒಂದು. ಹೆಸರು ವಿಂಚೆಸ್ಟರ್ ಮಿಸ್ಟರಿ ಹೌಸ್. ಅಂದರೆ ವಿಂಚೆಸ್ಟರ್ ರಹಸ್ಯ ಭವನ.

ಈ ಮನೆಯಲ್ಲಿ ಸುಮಾರು 160 ಕೋಣೆಗಳಿವೆ. ಬಾಗಿಲುಗಳು 2,000, ಕಿಟಕಿಯ ಗಾಜುಗಳು 10,000 ಎಂದು ಲೆಕ್ಕ ಹೇಳುತ್ತಾರೆ. ಮೆಟ್ಟಿಲ ಸಾಲುಗಳು 47, ಅಡುಗೆ ಕೋಣೆಗಳು 6. ಇಷ್ಟು ದೊಡ್ಡ ಮನೆಯ ಯಜಮಾನಿ ಒಬ್ಬರೇ. ಗಂಡನನ್ನೂ ಇದ್ದ ಒಬ್ಬಳೇ ಮಗಳನ್ನೂ ಕಳೆದುಕೊಂಡಿದ್ದ ಸಾರಾ ವಿಂಚೆಸ್ಟರ್ ಎಂಬ ವಿಧವೆ.

ಬನ್ನಿ, ಆ ಮನೆಯೊಳಗೆ ಒಂದು ಸುತ್ತು ಹೋಗಿ ಬರೋಣ. ಹೆದರಬೇಡಿ. ಹೆದರಿಕೆ ಎಲ್ಲಿಂದ ಬರುತ್ತದೆ ಎಂಬುದನ್ನೂ ಅಲ್ಲೇ ನೋಡೋಣ.

ಮೈ ಜುಮ್ಮೆನಿಸುವ ಒಂದು ಗಂಟೆ

ಈ ಮನೆಯನ್ನು ಸಾಮಾನ್ಯವಾಗಿ ಮಾರ್ಗದರ್ಶಕರ ಜೊತೆ ಗುಂಪಾಗಿ ನೋಡಬೇಕು. ಗುಂಪಿನಿಂದ ತಪ್ಪಿಸಿಕೊಳ್ಳಬೇಡಿ ಎಂಬ ಎಚ್ಚರಿಕೆ ಮೊದಲೇ ಸಿಗುತ್ತದೆ. ಅದು ತಮಾಷೆಯ ಮಾತಲ್ಲ. ನಾಲ್ಕು ತಿರುವು ದಾಟುವಷ್ಟರಲ್ಲಿ ಯಾವುದು ಮುಂಭಾಗ, ಯಾವುದು ಹಿಂಭಾಗ ಎಂಬುದು ನಿಮಗೆ ಮರೆತು ಹೋಗಿರುತ್ತದೆ. ಕೋಣೆಯೊಳಗೆ ಕೋಣೆ, ಓಣಿಯ ಕೊನೆಗೆ ಮತ್ತೊಂದು ಓಣಿ. ಒಂದು ಕಪಾಟು ತೆರೆದರೆ ಒಳಗೆ ಒಂದು ಅಂಗುಲದಷ್ಟೂ ಜಾಗವಿಲ್ಲ. ಇನ್ನೊಂದು ಕಪಾಟಿನ ಬಾಗಿಲು ತೆರೆದರೆ ಅದರ ಮೂಲಕ ಮನೆಯ ಇನ್ನೊಂದು ಭಾಗಕ್ಕೇ ಹೋಗಬಹುದು.

ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು. ಒಳಗೆ ಕೆಲವು ಓಣಿಗಳಲ್ಲಿ ಮಂಕು ಬೆಳಕು. ಒಂದು ತಿರುವಿನಲ್ಲಿ ಥಟ್ಟನೆ ತಣ್ಣನೆಯ ಗಾಳಿ ಕತ್ತಿಗೆ ಸೋಕುತ್ತದೆ. ಮೇಲಿನ ಅಂತಸ್ತಿನಲ್ಲಿ ಯಾರೋ ನಡೆದ ಹಾಗೆ ಹಲಗೆ ಕಿರುಗುಟ್ಟುತ್ತದೆ. ಆಗಲೇ ಮಾರ್ಗದರ್ಶಕರು ಸ್ವರ ತಗ್ಗಿಸಿ ಹೇಳುತ್ತಾರೆ: ನೆಲಮಾಳಿಗೆಯಲ್ಲಿ ತಳ್ಳುಗಾಡಿ ಹಿಡಿದ ಕೆಲಸಗಾರನೊಬ್ಬನನ್ನು ಕಂಡವರಿದ್ದಾರೆ, ಕಂಡ ಮರುಕ್ಷಣವೇ ಆತ ಇಲ್ಲವಾಗುತ್ತಾನೆ. ಗುಂಪಿನಲ್ಲಿ ಯಾರೋ ನಗುತ್ತಾರೆ, ಆದರೆ ಆ ನಗುವಿನಲ್ಲಿ ಧೈರ್ಯ ಇರುವುದಿಲ್ಲ. ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರೆ. ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಎಂಬ ಭಾವನೆ ನಿಮಗೂ ಒಮ್ಮೆ ಬಂದು ಹೋಗುತ್ತದೆ.

ಈ ಮನೆ ನೋಡಿ ಬಂದ ಅನೇಕರು ಹೇಳುವುದು ಇದನ್ನೇ. ಅವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರ ಮೈ ನಡುಗಿದ್ದು ನಿಜ. ಆದರೆ ನಡುಗಿಸಿದ್ದು ಏನು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮೊದಲು ಈ ಮನೆಯ ಬಗ್ಗೆ ಹೇಳುವ ಕಥೆಯನ್ನು ಕೇಳಿ.

ಊರು ಕಟ್ಟಿದ ಕಥೆ

ಸಾರಾ ಅವರ ಗಂಡನ ಮನೆಯವರು ಬಂದೂಕು ತಯಾರಕರು. ಮಾವ ಆಲಿವರ್ ವಿಂಚೆಸ್ಟರ್ ಮೊದಲು ಅಂಗಿ ಹೊಲಿಸಿ ಮಾರುತ್ತಿದ್ದವರು. ನಂತರ ಬಂದೂಕಿನ ವ್ಯಾಪಾರಕ್ಕಿಳಿದರು. 1866ರಲ್ಲಿ ವಿಂಚೆಸ್ಟರ್ ರಿಪೀಟಿಂಗ್ ಆರ್ಮ್ಸ್ ಕಂಪೆನಿ ಹುಟ್ಟಿಕೊಂಡಿತು. ಮತ್ತೆ ಮತ್ತೆ ತುಂಬಿಸಬೇಕಾಗಿಲ್ಲದೆ ಒಂದರ ಹಿಂದೊಂದು ಗುಂಡು ಹಾರಿಸಬಲ್ಲ ಅವರ ರೈಫಲ್ ಜಗತ್ತಿನಾದ್ಯಂತ ಮಾರಾಟವಾಯಿತು. 1877ರಲ್ಲಿ ಪ್ಲೆವ್ನಾದಲ್ಲಿ ರಷ್ಯನ್ನರನ್ನು ತಡೆದು ನಿಲ್ಲಿಸಿದ ಉಸ್ಮಾನಿಯಾ ತುರ್ಕರ ಕೈಯಲ್ಲೂ ಇದೇ ಬಂದೂಕಿತ್ತು. ಅಮೆರಿಕದ ಪಶ್ಚಿಮ ಭಾಗವನ್ನು ಗೆದ್ದ ಬಂದೂಕು ಎಂದು ಅಲ್ಲಿನವರು ಹೊಗಳುವುದು ಇದರ 1873ರ ಮಾದರಿಯನ್ನೇ. ಗೆದ್ದದ್ದು ಎಂದರೆ ಏನು? ಆ ನೆಲದ ಮೂಲನಿವಾಸಿಗಳು ಸೋತದ್ದು ಎಂದರ್ಥ.

ಕಥೆ ಹೀಗೆ ಸಾಗುತ್ತದೆ. ಮಗಳೂ ಗಂಡನೂ ತೀರಿಕೊಂಡ ಮೇಲೆ ಸಾರಾ ಬೋಸ್ಟನ್ ನಗರದ ಒಬ್ಬ ಪ್ರೇತ ಮಧ್ಯವರ್ತಿಯ ಬಳಿ ಹೋದರಂತೆ. ನಿಮ್ಮ ಕುಟುಂಬದ ಬಂದೂಕಿಗೆ ಬಲಿಯಾದವರ ಆತ್ಮಗಳು ನಿಮ್ಮನ್ನು ಬೆನ್ನಟ್ಟುತ್ತಿವೆ, ಪಶ್ಚಿಮಕ್ಕೆ ಹೋಗಿ ಒಂದು ಮನೆ ಕಟ್ಟಲು ಶುರು ಮಾಡಿ, ಸುತ್ತಿಗೆಯ ಸದ್ದು ನಿಂತ ದಿನವೇ ನಿಮ್ಮ ಸಾವು ಎಂದು ಅವನು ಹೇಳಿದನಂತೆ. ಅದರಂತೆ ಸಾರಾ ಹಗಲೂ ರಾತ್ರಿ, ಒಂದು ದಿನವೂ ಬಿಡದೆ 38 ವರ್ಷ ಮನೆ ಕಟ್ಟಿಸಿದರಂತೆ. ದೆವ್ವಗಳಿಗೆ ದಾರಿ ತಪ್ಪಿಸಲು ಗೋಡೆಗೆ ತೆರೆಯುವ ಬಾಗಿಲು, ಛಾವಣಿಗೆ ತಾಗುವ ಮೆಟ್ಟಿಲು ಮಾಡಿಸಿದರಂತೆ. ಮಧ್ಯರಾತ್ರಿ ಗಂಟೆ ಬಾರಿಸಿ ಆತ್ಮಗಳನ್ನು ಕರೆಯುತ್ತಿದ್ದರಂತೆ.

ಅಂತೆ ಕಂತೆಗಳ ಸಂತೆ ಎಂಬ ಮಾತು ನಮ್ಮಲ್ಲಿದೆ. ಈ ಕಥೆಯಿಂದ ‘ಅಂತೆ’ಗಳನ್ನು ತೆಗೆದು ಹಾಕಿದರೆ ಉಳಿಯುವುದೆಷ್ಟು?

ಈ ಕಥೆಯನ್ನು ಜನ ಯಾಕೆ ಅಷ್ಟು ಸುಲಭವಾಗಿ ನಂಬಿದರು ಎಂಬುದಕ್ಕೂ ಕಾರಣವಿದೆ. 19ನೇ ಶತಮಾನದ ಅಮೆರಿಕದಲ್ಲಿ ಸತ್ತವರ ಜೊತೆ ಮಾತನಾಡಿಸುತ್ತೇವೆ ಎನ್ನುವವರ ದೊಡ್ಡ ಮಾರುಕಟ್ಟೆಯೇ ಇತ್ತು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯ ಒಂದು ಮನೆಯಲ್ಲಿ ಫಾಕ್ಸ್ ಸಹೋದರಿಯರೆಂಬ ಹುಡುಗಿಯರು ಗೋಡೆಯಿಂದ ಬರುವ ಟಕ್ ಟಕ್ ಸದ್ದು ಆತ್ಮಗಳ ಉತ್ತರ ಎಂದು ಹೇಳಿದ್ದರಿಂದ ಅದು ಶುರುವಾಯಿತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಲಕ್ಷಾಂತರ ಮಂದಿ ಸತ್ತ ಮೇಲೆ ಮಗನನ್ನು, ಗಂಡನನ್ನು ಕಳೆದುಕೊಂಡವರು ಇಂತಹ ಮಧ್ಯವರ್ತಿಗಳ ಮನೆ ಬಾಗಿಲಲ್ಲಿ ಸಾಲುಗಟ್ಟಿದರು. ಆ ಸದ್ದು ಮಾಡುತ್ತಿದ್ದದ್ದು ಕಾಲಿನ ಬೆರಳಿನ ಕೀಲಿನಿಂದ ಎಂದು ಫಾಕ್ಸ್ ಸಹೋದರಿಯರಲ್ಲಿ ಒಬ್ಬರಾದ ಮಾರ್ಗರೆಟ್ 1888ರಲ್ಲಿ ಸಾರ್ವಜನಿಕ ವೇದಿಕೆಯಲ್ಲೇ ಮಾಡಿ ತೋರಿಸಿದರು. ನಂತರ ಆ ಮಾತನ್ನು ಹಿಂತೆಗೆದುಕೊಂಡರು. ಆದರೆ ಅಷ್ಟು ಹೊತ್ತಿಗೆ ದುಃಖವನ್ನು ದುಡ್ಡಾಗಿಸುವ ವಿದ್ಯೆ ಊರೂರಿಗೆ ಹಬ್ಬಿತ್ತು.

ದಾಖಲೆ ಹೇಳುವ ಕಥೆ

ಸಾರಾ ಪಾರ್ಡಿ ಹುಟ್ಟಿದ್ದು ಅಮೆರಿಕದ ಪೂರ್ವ ಕರಾವಳಿಯ ನ್ಯೂ ಹೇವನ್ ನಗರದಲ್ಲಿ, 1839ರ ಸುಮಾರಿಗೆ. 1862ರಲ್ಲಿ ವಿಲಿಯಂ ವಿಂಚೆಸ್ಟರ್ ಜೊತೆ ಮದುವೆಯಾಯಿತು. 1866ರ ಬೇಸಿಗೆಯಲ್ಲಿ ಹೆಣ್ಣು ಮಗು ಹುಟ್ಟಿತು. ಹೆಸರು ಆ್ಯನಿ. ಕುಡಿದ ಹಾಲು ಮೈಗೆ ಹತ್ತದ ಕಾಯಿಲೆ ಮಗುವಿಗೆ. ದಿನದಿಂದ ದಿನಕ್ಕೆ ಸೊರಗಿ ಸುಮಾರು ಆರು ವಾರಗಳಲ್ಲಿ ತೀರಿಕೊಂಡಿತು. ಮತ್ತೆ ಮಕ್ಕಳಾಗಲಿಲ್ಲ. 1880ರಲ್ಲಿ ತಾಯಿ ತೀರಿಕೊಂಡರು, ಅದೇ ವರ್ಷದ ಕೊನೆಗೆ ಮಾವ. 1881ರ ಮಾರ್ಚ್‌ನಲ್ಲಿ ಗಂಡ ವಿಲಿಯಂ ಕ್ಷಯರೋಗದಿಂದ ಸತ್ತರು. ಆ ರೋಗದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಕ್ ಪತ್ತೆ ಹಚ್ಚಿದ್ದೇ ಮರುವರ್ಷ, 1882ರಲ್ಲಿ. ಔಷಧ ಬರಲು ಇನ್ನೂ ಅರುವತ್ತು ವರ್ಷ ಕಾಯಬೇಕಿತ್ತು.

ಒಂದೇ ಮನೆಯ ಮೂವರನ್ನು ಒಂದು ವರ್ಷದೊಳಗೆ ಮಣ್ಣು ಮಾಡಿದ ಹೆಂಗಸಿನ ಸ್ಥಿತಿ ಏನಿರಬಹುದು? ನಿಮ್ಮ ಬಂಧು ಬಳಗದಲ್ಲಿ ಅಂತಹವರು ಇದ್ದರೆ ನಿಮಗೇ ಗೊತ್ತು. ಇದ್ದ ಊರು ಬೇಡವೆನಿಸುತ್ತದೆ. ಆ ಬೀದಿ, ಆ ಕೋಣೆ, ಆ ಮಂಚ ಎಲ್ಲವೂ ಚುಚ್ಚುತ್ತದೆ. ಸಾರಾ ಅವರ ಕೀಲುಗಳಲ್ಲಿ ಸಂಧಿವಾತದ ನೋವೂ ಇತ್ತು. 1880ರ ದಶಕದ ಮಧ್ಯದಲ್ಲಿ ಅವರು ಬೆಚ್ಚನೆಯ ಹವೆಯ ಕ್ಯಾಲಿಫೋರ್ನಿಯಾಕ್ಕೆ ಬಂದರು. ಅವರ ಸಹೋದರಿಯರೂ ಆ ಕಡೆಗೇ ಬಂದು ನೆಲೆಸಿದರು. 1886ರಲ್ಲಿ ಸ್ಯಾನ್ ಹೋಸೆಯ ಹೊರಗೆ ತೋಟಗಳ ನಡುವೆ ಎಂಟು ಕೋಣೆಗಳ ಒಂದು ರೈತರ ಮನೆಯನ್ನು ಕೊಂಡರು. ಬೆಳೆಸುತ್ತಾ ಹೋದದ್ದು ಆ ಮನೆಯನ್ನೇ.

ಬೋಸ್ಟನ್‌ನ ಮಧ್ಯವರ್ತಿಯನ್ನು ಅವರು ಕಂಡರು ಎಂಬುದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ. ಹಲವು ವರ್ಷ ಅವರ ಜೊತೆಗಿದ್ದ ಸಹಾಯಕಿ, ಸಾರಾ ಅವರಿಗೆ ಅಂತಹ ಒಲವೇ ಇರಲಿಲ್ಲ ಎಂದು ಹೇಳಿದ್ದರು. ಹಗಲು ರಾತ್ರಿ ನಿಲ್ಲದ ಕೆಲಸ ಎಂಬುದೂ ನಿಜವಲ್ಲ. ಕೆಲಸ ನಿಂತ ಕಾಲಗಳಿವೆ. 1906ರ ನಂತರವಂತೂ ಅವರು ಹೆಚ್ಚು ದಿನ ಕಳೆದದ್ದು ಬೇರೆ ಊರಿನ ತಮ್ಮ ಮನೆಗಳಲ್ಲಿ. ಸುತ್ತಿಗೆ ನಿಂತಾಗಲೆಲ್ಲ ಅವರು ಸಾಯಲಿಲ್ಲ. 1922ರ ಸೆಪ್ಟೆಂಬರ್ 5ರಂದು, ಎಂಬತ್ತು ದಾಟಿದ ಮೇಲೆ, ವಯಸ್ಸಾದವರು ಸಾಯುವ ಹಾಗೆಯೇ ಸತ್ತರು.

ಇದನ್ನೆಲ್ಲ ಹಳೆಯ ಪತ್ರ, ಲೆಕ್ಕಪತ್ರ, ನ್ಯಾಯಾಲಯದ ಕಡತಗಳಿಂದ ಹೆಕ್ಕಿ ಬರೆದವರು ಮೇರಿ ಜೋ ಇಗ್ನಾಫೊ ಎಂಬ ಇತಿಹಾಸಕಾರ್ತಿ. ಅವರ ಪುಸ್ತಕ ಬಂದದ್ದು 2010ರಲ್ಲಿ. ಅಂದರೆ ಸಾರಾ ಸತ್ತು 88 ವರ್ಷಗಳ ಮೇಲೆ. ಸುಳ್ಳು ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಸತ್ಯ ಇನ್ನೂ ಚಪ್ಪಲಿ ಹುಡುಕುತ್ತಿರುತ್ತದೆ ಎನ್ನುತ್ತಾರಲ್ಲ, ಹಾಗಾಯಿತು.

ಗಿಡ್ಡ ಮೆಟ್ಟಿಲುಗಳು ಹೇಳುವುದೇನು?

ಈಗ ಮತ್ತೆ ಮನೆಯೊಳಗೆ ಬನ್ನಿ. ಮೊದಲ ಸುತ್ತಿನಲ್ಲಿ ನೋಡಿದ ವಿಚಿತ್ರಗಳನ್ನೇ ಇನ್ನೊಮ್ಮೆ ನೋಡಿ.

ಒಂದು ಕಡೆ 44 ಮೆಟ್ಟಿಲುಗಳ ಸಾಲಿದೆ. ಅದು ಏಳು ಬಾರಿ ತಿರುಗಿ ತಿರುಗಿ ಹೋಗುತ್ತದೆ. ಆದರೆ ಅಷ್ಟೂ ಮೆಟ್ಟಿಲು ಹತ್ತಿದ ಮೇಲೆ ನೀವು ಏರಿದ ಎತ್ತರ ಹತ್ತು ಅಡಿಯೂ ಇಲ್ಲ. ಒಂದೊಂದು ಮೆಟ್ಟಿಲಿನ ಎತ್ತರ ಸುಮಾರು ಎರಡು ಅಂಗುಲ ಮಾತ್ರ. ಪ್ರೇತಗಳನ್ನು ಗೊಂದಲಗೊಳಿಸಲು ಎಂದು ಕಥೆ ಹೇಳುತ್ತದೆ. ಆದರೆ ಮೊಣಕಾಲು ನೋವಿರುವ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಒಂದು ಮಾಮೂಲಿ ಮೆಟ್ಟಿಲು ಹತ್ತುವಾಗ ಅವರು ಕೈಹಿಡಿ ಹಿಡಿದು ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಗಮನಿಸಿ. ಆಗ ಎರಡು ಅಂಗುಲದ ಮೆಟ್ಟಿಲಿನ ಅರ್ಥ ತಾನಾಗಿಯೇ ಆಗುತ್ತದೆ. ಅದು ಸಂಧಿವಾತದ ಕಾಲುಗಳಿಗಾಗಿ ಮಾಡಿಸಿದ ಮೆಟ್ಟಿಲು. ಅದೇ ಕಾರಣಕ್ಕೆ ಆ ಮನೆಯಲ್ಲಿ ಲಿಫ್ಟ್‌ಗಳೂ ಇದ್ದವು.

ನೆಲದಲ್ಲಿ ಕಿಟಕಿ ಯಾಕೆ? ಮೊದಲು ಅದು ಛಾವಣಿಯ ಬೆಳಕಿಂಡಿ. ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟಿದಾಗ ಅದೇ ಮೇಲಿನ ನೆಲವಾಯಿತು. ಗಾಜು ಉಳಿಸಿಕೊಂಡರೆ ಕೆಳಗಿನ ಕೋಣೆಗೆ ಬೆಳಕು ಸಿಗುತ್ತದೆ. ವಿದ್ಯುದ್ದೀಪ ಇಲ್ಲದ ಕಾಲದ ಸಾಮಾನ್ಯ ಬುದ್ಧಿ ಅದು. ಗಿಡಗಳ ಕೋಣೆಯಲ್ಲಿ ನೆಲದ ಹಲಗೆ ಎತ್ತಿದರೆ, ಗಿಡಕ್ಕೆ ಹಾಕಿ ಹೆಚ್ಚಾದ ನೀರು ಹರಿದು ಕೆಳಗಿನ ತೋಟಕ್ಕೆ ಹೋಗುವ ವ್ಯವಸ್ಥೆ ಇದೆ. ಒಂದು ಹನಿ ನೀರೂ ವ್ಯರ್ಥವಾಗಬಾರದೆಂದು ಯೋಚಿಸಿದ ಹೆಂಗಸು ಹುಚ್ಚಿಯೇ?

ಇನ್ನು ಗಾಳಿಗೆ ತೆರೆಯುವ ಬಾಗಿಲು. 1906ರ ಏಪ್ರಿಲ್ 18ರ ಮುಂಜಾನೆ 5 ಗಂಟೆ 12 ನಿಮಿಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಭಾರೀ ಭೂಕಂಪವಾಯಿತು. ಸ್ಯಾನ್ ಫ್ರಾನ್ಸಿಸ್ಕೊ ನಗರ ಉರಿದು ಹೋಯಿತು. ಸುಮಾರು 3,000 ಜನ ಸತ್ತರೆಂದು ಅಂದಾಜು. ಸಾರಾ ಅವರ ಮನೆಯ ಏಳಂತಸ್ತಿನ ಗೋಪುರ ಕುಸಿಯಿತು. ಮೇಲಂತಸ್ತುಗಳಿಗೆ ಹಾನಿಯಾಯಿತು. ಅವರು ಬಿದ್ದದ್ದನ್ನು ಮತ್ತೆ ಕಟ್ಟಿಸಲಿಲ್ಲ. ಅವಶೇಷ ತೆಗೆಸಿ, ಒಡೆದ ಭಾಗ ಮುಚ್ಚಿಸಿ ಸುಮ್ಮನಾದರು. ಮೇಲಿನ ಅಂತಸ್ತು ಹೋದ ಮೇಲೆ ಅಲ್ಲಿಗೆ ಹೋಗುತ್ತಿದ್ದ ಮೆಟ್ಟಿಲು ಎಲ್ಲಿಗೆ ಹೋಗಬೇಕು? ಪಕ್ಕದ ಕೋಣೆ ಹೋದ ಮೇಲೆ ಬಾಗಿಲು ಯಾವುದಕ್ಕೆ ತೆರೆಯಬೇಕು? ಈ ಮನೆಯ ಹಲವು ರಹಸ್ಯಗಳಿಗೆ ಉತ್ತರ ಈ ಭೂಕಂಪ. ದೆವ್ವಕ್ಕೆ ಹೆದರಿ ಮಾಡಿದ ತಂತ್ರವೆಂದು ಜನ ನೋಡಿ ಬೆರಗಾಗುವುದು, ವಾಸ್ತವದಲ್ಲಿ ಒಂದು ದುರಂತದ ಗಾಯದ ಗುರುತು.

ಹಾಗಾದರೆ ಮೈ ನಡುಗಿದ್ದು?

ಸರಿ, ಕಥೆ ಸುಳ್ಳು ಎಂದಾಯಿತು. ಆದರೆ ಓಣಿಯ ತಿರುವಿನಲ್ಲಿ ತಣ್ಣಗಾದದ್ದು, ಯಾರೋ ನೋಡಿದಂತಾದದ್ದು? ಅದಕ್ಕೂ ಉತ್ತರ ಹುಡುಕಿದವರಿದ್ದಾರೆ.

ಲಂಡನ್ ಸಮೀಪದ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಒಂದು ಓಣಿಯಿದೆ. 1542ರಲ್ಲಿ ಶಿರಚ್ಛೇದಕ್ಕೊಳಗಾದ ರಾಣಿ ಕ್ಯಾಥರೀನ್ ಹೋವರ್ಡ್ ಅಲ್ಲಿ ಕಿರುಚುತ್ತಾ ಓಡುತ್ತಾಳೆ ಎಂಬ ಕಥೆಯಿದೆ. ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಆರುನೂರಕ್ಕೂ ಹೆಚ್ಚು ಪ್ರವಾಸಿಗರನ್ನು ಅಲ್ಲಿ ನಡೆಸಿ, ಎಲ್ಲೆಲ್ಲಿ ಏನೇನು ಅನುಭವವಾಯಿತು ಎಂದು ಬರೆಸಿಕೊಂಡರು. ಅದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಎರಡು ಸಂಗತಿಗಳು ಕಂಡವು. ಒಂದು, ವಿಚಿತ್ರ ಅನುಭವಗಳು ಎಲ್ಲ ಕಡೆ ಆಗುವುದಿಲ್ಲ, ಕೆಲವು ನಿರ್ದಿಷ್ಟ ಜಾಗಗಳಲ್ಲೇ ಹೆಚ್ಚು. ಎರಡು, ದೆವ್ವವನ್ನು ಮೊದಲೇ ನಂಬಿದವರಿಗೆ ಅನುಭವವೂ ಹೆಚ್ಚು. ಜಾಗಕ್ಕೂ ಅನುಭವಕ್ಕೂ ಸಂಬಂಧ ಇದೆ ಎಂದರೆ ಆ ಜಾಗದಲ್ಲಿ ಏನೋ ಇದೆ ಎಂದಾಯಿತು. ಏನದು? ಬೆಳಕಿನ ಕೊರತೆ, ಕೋಣೆಯ ಗಾತ್ರ, ಹಳೆಯ ಬಾಗಿಲುಗಳ ಸಂದಿಯಿಂದ ನುಸುಳುವ ತಣ್ಣನೆಯ ಗಾಳಿ. ಇಂತಹವು.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯಕರ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್ ಒಂದು ರಾತ್ರಿ ಪ್ರಯೋಗಾಲಯದಲ್ಲಿ ಒಬ್ಬರೇ ಕುಳಿತಿದ್ದರು. ಮೈ ಬೆವರಿತು. ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿಯೊಂದು ಬಂದು ನಿಂತಂತಾಯಿತು. ತಿರುಗಿ ನೋಡಿದರೆ ಮಾಯ. ಮರುದಿನ ಅವರು ಕತ್ತಿವರಸೆಯ ಕತ್ತಿಯೊಂದನ್ನು ರಿಪೇರಿ ಮಾಡಲು ಹಿಡಿಕೆಯಲ್ಲಿ ಬಿಗಿದಿಟ್ಟಾಗ, ಯಾರೂ ಮುಟ್ಟದೆ ಅದರ ಅಲಗು ಅದುರತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಓಡಿ ಹೋಗುತ್ತಿದ್ದರು. ಟ್ಯಾಂಡಿ ಅಳತೆ ಮಾಡಿದರು. ಹೊಸದಾಗಿ ಹಾಕಿದ ಗಾಳಿ ಹೊರಹಾಕುವ ಫ್ಯಾನ್ ಸೆಕೆಂಡಿಗೆ ಸುಮಾರು 19 ಕಂಪನಗಳ ಸದ್ದು ಹುಟ್ಟಿಸುತ್ತಿತ್ತು. ಮನುಷ್ಯರ ಕಿವಿಗೆ 20ಕ್ಕಿಂತ ಕಡಿಮೆ ಕಂಪನ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಆದರೆ ಮೈಗೆ ತಟ್ಟುತ್ತದೆ, ಕಣ್ಣುಗುಡ್ಡೆಯನ್ನೂ ಅದುರಿಸಬಹುದು ಎಂದು ಅವರು ವಾದಿಸಿದರು. ಫ್ಯಾನ್ ಜೋಡಣೆ ಬದಲಿಸಿದ ಮೇಲೆ ಆ ಸದ್ದೂ ಇಲ್ಲ, ದೆವ್ವವೂ ಇಲ್ಲ. 1998ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಎಲ್ಲ ದೆವ್ವದ ಮನೆಗಳಿಗೂ ಇದೇ ಉತ್ತರವಲ್ಲ, ನಂತರದ ಪ್ರಯೋಗಗಳೆಲ್ಲ ಇದನ್ನು ಒಪ್ಪಿಯೂ ಇಲ್ಲ. ಆದರೆ ಓಡುವ ಬದಲು ಅಳೆದು ನೋಡಿದ ಅವರ ಬುದ್ಧಿ ನಮಗೆ ಪಾಠ.

ಮೂರನೆಯದು ಪ್ರತಿ ಮನೆಯವರೂ ತಿಳಿದಿರಬೇಕಾದ ಸಂಗತಿ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹಳೆಯ ಬಾಡಿಗೆ ಮನೆಗೆ ಬಂದ ಮೇಲೆ ಆ ಮನೆಯವರಿಗೆ ರಾತ್ರಿ ಹೆಜ್ಜೆ ಸದ್ದು ಕೇಳತೊಡಗಿತು. ಯಾರೋ ಹಿಂದೆ ಬಂದಂತಾಗುತ್ತಿತ್ತು. ಮಕ್ಕಳು ಬಿಳಿಚಿಕೊಂಡರು, ತಲೆನೋವು, ಕುಂಡದ ಗಿಡಗಳೂ ಸತ್ತವು. ಪರೀಕ್ಷಿಸಿದಾಗ ಮನೆ ಬೆಚ್ಚಗಿಡುವ ಒಲೆ ಕೆಟ್ಟು ಅದರ ಹೊಗೆ ಚಿಮಣಿಯಿಂದ ಹೊರಹೋಗದೆ ಮನೆಯೊಳಗೇ ತುಂಬುತ್ತಿದ್ದುದು ಗೊತ್ತಾಯಿತು. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಅದು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಕಿತ್ತುಕೊಳ್ಳುತ್ತದೆ. ಒಲೆ ದುರಸ್ತಿಯಾಯಿತು, ಹೆಜ್ಜೆ ಸದ್ದು ನಿಂತಿತು.

ಆ ಕುಟುಂಬ ಮಾಟ ಬಿಡಿಸುವವನನ್ನು ಹುಡುಕಿ ಹೋಗಿದ್ದರೆ ಏನಾಗುತ್ತಿತ್ತು? ಯೋಚಿಸಿ. ನಮ್ಮ ಊರುಗಳಲ್ಲೂ ಗಾಳಿಯಾಡದ ಬಚ್ಚಲು ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿಸಿ, ಚಳಿಗೆ ಬಾಗಿಲು ಮುಚ್ಚಿ ಕೆಂಡದ ಒಲೆಯಿಟ್ಟು ಮಲಗಿ ಸತ್ತವರ ಸುದ್ದಿಗಳನ್ನು ನಾವು ಓದಿದ್ದೇವೆ. ಕೊಲ್ಲುವುದು ಇದೇ ಅನಿಲ. ಒಂದು ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ಮಂಪರು, ಭಯ ಕಾಣಿಸಿಕೊಂಡರೆ ಮೊದಲು ಕಿಟಕಿ ಬಾಗಿಲು ತೆರೆಯಿರಿ, ಹೊರಗೆ ಬನ್ನಿ, ಆಮೇಲೆ ವೈದ್ಯರ ಬಳಿ ಹೋಗಿ. ಗೀಸರನ್ನು ಬಚ್ಚಲು ಕೋಣೆಯ ಹೊರಗೆ ಗಾಳಿಯಾಡುವ ಜಾಗದಲ್ಲಿ ಹಾಕಿಸಿ. ಮೂಢನಂಬಿಕೆ ದುಡ್ಡನ್ನು ಮಾತ್ರವಲ್ಲ, ಕೆಲವೊಮ್ಮೆ ಜೀವವನ್ನೂ ತೆಗೆದುಕೊಳ್ಳುತ್ತದೆ.

ನಿಜವಾದ ನೆರಳು

ಮತ್ತೆ ಸಾರಾ ಅವರ ಬಳಿಗೆ ಬರೋಣ. ಈ ಕಥೆಯಲ್ಲಿ ನಮ್ಮ ಮನಸ್ಸು ಕಲಕಬೇಕಾದ ಭಾಗ ಇದು.

ಅವರ ಬಗ್ಗೆ ಗುಸುಗುಸು ಶುರುವಾದದ್ದು ಅವರು ಸತ್ತ ಮೇಲಲ್ಲ. 1890ರ ದಶಕದಲ್ಲೇ ಸ್ಥಳೀಯ ಪತ್ರಿಕೆಗಳು ಬರೆಯತೊಡಗಿದ್ದವು: ಈಕೆ ಮೂಢನಂಬಿಕೆಯವಳು, ಮನೆ ಮುಗಿದರೆ ಸಾಯುತ್ತೇನೆಂಬ ಭಯಕ್ಕೆ ಕಟ್ಟಿಸುತ್ತಿದ್ದಾಳೆ. ಅವರ ತಪ್ಪೇನು? ಅವರು ಯಾರ ಮನೆಗೂ ಹೋಗುತ್ತಿರಲಿಲ್ಲ. ಕೂಟಗಳಿಗೆ ಬರುತ್ತಿರಲಿಲ್ಲ. ಪತ್ರಕರ್ತರಿಗೆ ಉತ್ತರ ಕೊಡಲಿಲ್ಲ. ಹಣವಿತ್ತು, ಅದನ್ನು ತಮ್ಮಿಷ್ಟದಂತೆ ಖರ್ಚು ಮಾಡಿದರು. ತಾವೇ ನಕ್ಷೆ ಯೋಚಿಸಿದರು. ಒಂಟಿ ಹೆಂಗಸು, ಅದರಲ್ಲೂ ವಿಧವೆ, ತನ್ನ ಬಾಗಿಲು ಮುಚ್ಚಿಕೊಂಡರೆ ಊರು ಸುಮ್ಮನಿರುವುದಿಲ್ಲ. ಬಾಗಿಲ ಹಿಂದೆ ಏನಿದೆ ಎಂದು ಕಾಣದಿದ್ದಾಗ ಕಂಡಂತೆ ಕಟ್ಟಿ ಹೇಳುತ್ತದೆ. ಮನೆ ಕಟ್ಟಿಸುವುದು ಅವರಿಗೆ ಹಿಡಿಸಿದ ಕೆಲಸವಾಗಿತ್ತು, ನೂರಾರು ಕೈಗಳಿಗೆ ಅದು ಅನ್ನ ಕೊಟ್ಟಿತು ಎಂದು ಯೋಚಿಸುವವರು ಕಡಿಮೆ.

ಇನ್ನೊಂದು ಮಾತು ಗಮನಿಸಿ. ಬಂದೂಕು ತಯಾರಿಸಿದವರು, ಮಾರಿದವರು, ಕೊಂಡವರು, ಹಾರಿಸಿದವರು ಹೆಚ್ಚಾಗಿ ಗಂಡಸರು. ಕಾರ್ಖಾನೆಯ ಮಾಲಕರನ್ನು ಯಾವ ಆತ್ಮವೂ ಬೆನ್ನಟ್ಟಿತೆಂದು ಯಾರೂ ಕಥೆ ಕಟ್ಟಲಿಲ್ಲ. ಸತ್ತ ಮೂಲನಿವಾಸಿಗಳ ಶಾಪ ಸರಕಾರಕ್ಕೆ ತಟ್ಟಿತೆಂದು ಹೇಳಲಿಲ್ಲ. ಕಂಪೆನಿಯ ಷೇರು ಬಿಟ್ಟರೆ ಬೇರೆ ಪಾತ್ರವಿಲ್ಲದ, ಮಗು ಕಳೆದುಕೊಂಡ ಒಬ್ಬ ತಾಯಿಯ ತಲೆಗೆ ಆ ಪಾಪವನ್ನೆಲ್ಲ ಕಟ್ಟಿದರು. ಆಕೆಯ ಮಗುವಿನ ಸಾವನ್ನೂ ಶಾಪದ ಲೆಕ್ಕಕ್ಕೆ ಸೇರಿಸಿದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಮಾತ್ರ ಈ ಮಾತಿನ ಕ್ರೌರ್ಯ ಅರ್ಥವಾದೀತು.

ಅವರು ಸತ್ತ ಮೇಲೆ ಮನೆಯನ್ನು ಬಾಡಿಗೆಗೆ ಪಡೆದವರು ಜಾನ್ ಬ್ರೌನ್ ಎಂಬವರು. ಅವರು ಮನೋರಂಜನಾ ಪಾರ್ಕುಗಳಲ್ಲಿ ಜನರನ್ನು ಕಿರುಚಿಸುವ ಗಾಡಿಗಳನ್ನು ನಿರ್ಮಿಸುತ್ತಿದ್ದವರು. ಸಾರಾ ಸತ್ತು ಒಂದು ವರ್ಷವೂ ತುಂಬುವ ಮೊದಲೇ, 1923ರಲ್ಲಿ, ಟಿಕೆಟ್ ಇಟ್ಟು ಮನೆ ತೋರಿಸುವುದು ಶುರುವಾಯಿತು. 1924ರಲ್ಲಿ ಹೆಸರಾಂತ ಜಾದೂಗಾರ ಹ್ಯಾರಿ ಹೂಡಿನಿ ಬಂದು ನೋಡಿ ಹೋದದ್ದು ಇನ್ನಷ್ಟು ಪ್ರಚಾರ ಕೊಟ್ಟಿತು. 1974ರಲ್ಲಿ ಮನೆ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2018ರಲ್ಲಿ ದೆವ್ವದ ಸಿನಿಮಾವೂ ಬಂತು. ಕೀಲುನೋವಿನ ಮುದುಕಿಯ ಮನೆ ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ದೆವ್ವದ ಮನೆಯಾದರೆ ಸಾಲು ನಿಲ್ಲುತ್ತಾರೆ. ಭಯಕ್ಕೆ ಯಾವತ್ತೂ ಒಳ್ಳೆಯ ಮಾರುಕಟ್ಟೆಯಿದೆ.

ಆದರೆ ಸಾರಾ ಕಟ್ಟಿಸಿದ ಇನ್ನೊಂದು ಕಟ್ಟಡದ ಕಥೆಯನ್ನು ಹೆಚ್ಚಿನವರು ಕೇಳಿಲ್ಲ. ಗಂಡನನ್ನು ಕೊಂದ ಕ್ಷಯರೋಗದ ಚಿಕಿತ್ಸೆಗಾಗಿ ಅವರು ತಮ್ಮ ಹುಟ್ಟೂರಿನ ಆಸ್ಪತ್ರೆಗೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ದಾನ ಮಾಡಿದರು. ಒಂದು ಶತಮಾನದ ಹಿಂದಿನ ಹತ್ತು ಲಕ್ಷ ಡಾಲರ್ ಎಂಬುದನ್ನು ನೆನಪಿಡಿ. ಮೊದಲಿಗೆ ತಮ್ಮ ಹೆಸರನ್ನೂ ಬಹಿರಂಗಪಡಿಸಲಿಲ್ಲ. ಆ ಹಣದಿಂದ ನ್ಯೂ ಹೇವನ್ ಪಕ್ಕದ ವೆಸ್ಟ್ ಹೇವನ್‌ನಲ್ಲಿ ಗಂಡನ ಹೆಸರಿನ ಕ್ಷಯರೋಗ ಆಸ್ಪತ್ರೆ 1918ರಲ್ಲಿ ತೆರೆಯಿತು. ಮೊದಲ ಮಹಾಯುದ್ಧದಲ್ಲಿ ರೋಗಿಗಳಾದ ಸೈನಿಕರಿಗೆ ಅಲ್ಲಿ ಚಿಕಿತ್ಸೆ ಸಿಕ್ಕಿತು. ಅವರ ಕೊಡುಗೆಯಿಂದ ಬೆಳೆದ ಶ್ವಾಸಕೋಶ ಚಿಕಿತ್ಸೆಯ ಕೆಲಸ ಯೇಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ವಿಂಚೆಸ್ಟರ್ ಹೆಸರಿನಲ್ಲೇ ಮುಂದುವರಿಯಿತು. ಸತ್ತವರ ಜೊತೆ ಮಾತನಾಡಿದರು ಎಂದು ಹೆಸರಾದ ಹೆಂಗಸು ನಿಜವಾಗಿ ಮಾಡಿದ್ದು ಬದುಕಿರುವವರ ಉಸಿರು ಉಳಿಸುವ ಕೆಲಸ.

ಓದುಗರೇ, ನಿಮ್ಮ ಬೀದಿಯಲ್ಲೂ ಒಂದು ಪಾಳು ಮನೆ ಇರಬಹುದು. ಮುಸ್ಸಂಜೆಯಾದ ಮೇಲೆ ಆ ಕಡೆ ಹೋಗಬೇಡ ಎಂದು ಮಕ್ಕಳಿಗೆ ಹೇಳಿರಬಹುದು. ಹಾವು, ಮುರಿದ ಹಲಗೆ, ಮುಚ್ಚದ ಬಾವಿ ಇದೆ ಎಂದು ಹೇಳಿದರೆ ಅದು ಎಚ್ಚರಿಕೆ. ದೆವ್ವವಿದೆ ಎಂದು ಹೇಳಿದರೆ ಅದು ಮಗುವಿನ ಎದೆಯಲ್ಲಿ ನೀವೇ ಬಿತ್ತಿದ ಭಯ. ಅದು ಮದುವೆಯಾಗಿ ಮಕ್ಕಳಾದ ಮೇಲೂ ಹೋಗುವುದಿಲ್ಲ. ಮಗು ಹೆದರಿದರೆ ಬೈಯಬೇಡಿ, ನಗಬೇಡಿ. ಹಗಲಿನಲ್ಲಿ ಕೈ ಹಿಡಿದು ಆ ಸದ್ದು ಎಲ್ಲಿಂದ ಬರುತ್ತದೆ ಎಂದು ತೋರಿಸಿ. ಮಾಡಿನ ಹೆಂಚು ಸರಿದದ್ದೋ, ಕಿಟಕಿಯ ಕೊಂಡಿ ಸಡಿಲವಾದದ್ದೋ, ಮರದ ಹಲಗೆ ಚಳಿಗೆ ಕುಗ್ಗಿದ್ದೋ ಅವನೇ ಕಂಡುಕೊಳ್ಳಲಿ.

ಪಾಳು ಮನೆಯಷ್ಟೇ ಅಲ್ಲ, ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹೆಂಗಸೂ ಒಬ್ಬರು ಇರಬಹುದು. ಹೆಚ್ಚು ಮಾತನಾಡದವರು, ಮದುವೆ ಮುಂಜಿಗಳಿಗೆ ಬಾರದವರು, ಗಂಡ ಸತ್ತ ಮೇಲೆ ಬಾಗಿಲು ಮುಚ್ಚಿಕೊಂಡವರು. ಅವರ ಬಗ್ಗೆ ಏನಾದರೊಂದು ಕಥೆ ಈಗಾಗಲೇ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಆ ಕಥೆಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಇದನ್ನು ಕಂಡವರು ಯಾರು ಎಂದು ಒಮ್ಮೆ ಕೇಳಿ. ಉತ್ತರ ‘ಅಂತೆ’ ಎಂದಾದರೆ ಅಲ್ಲಿಗೇ ಬಿಡಿ. ಸಾಧ್ಯವಾದರೆ ಮಾಡಿದ ಪದಾರ್ಥ ಒಂದು ಪಾತ್ರೆಯಲ್ಲಿ ಹಿಡಿದುಕೊಂಡು ಹೋಗಿ ಅವರ ಬಾಗಿಲು ತಟ್ಟಿ. ಬಾಗಿಲ ಹಿಂದೆ ಇರುವುದು ದೆವ್ವವಲ್ಲ, ಯಾರಾದರೂ ಬಂದಾರೇ ಎಂದು ಕಾಯುತ್ತಿರುವ ಒಬ್ಬ ಮನುಷ್ಯಳು.